ಜೋಡಿ ವಿಂಡ್‌ಟೋನ್ ಹಾರ್ನ್: ದನಿ ಉತ್ತಮ, ಜೊತೆಗೆ ಬರುವ ತಂತಿ ಸಾಲದು

ಕಾರಿನಲ್ಲಿದ್ದ ಹಳೆಯ ಡಿಸ್ಕ್ (ತಟ್ಟೆಯ) ಹಾರ್ನಿನ ಬದಲಿಗೆ ಹಾಕಿಕೊಂಡ 12 ವೋಲ್ಟಿನ ಜೋಡಿ ವಿಂಡ್‌ಟೋನ್ (ಸುತ್ತಿದ ಕೊಳವೆಯ) ಹಾರ್ನ್ ಕಿಟ್ಟನ್ನು ಬಿಸಿಲು, ಮಳೆ, ಧೂಳು ಎಲ್ಲದರಲ್ಲೂ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ದನಿಯ ವಿಷಯದಲ್ಲಿ ಇದು ನಿಜಕ್ಕೂ ಒಳ್ಳೆಯ ವಸ್ತು, ಆದರೆ ಪೆಟ್ಟಿಗೆಯಲ್ಲಿ ಜೊತೆಗೆ ಬರುವ ತಂತಿ ಮತ್ತು ಸೂಚನಾ ಹಾಳೆಯನ್ನು ನಂಬಿ ಜೋಡಿಸಿದರೆ ಆ ಒಳ್ಳೆಯ ದನಿ ನಿಮಗೆ ಪೂರ್ತಿಯಾಗಿ ಸಿಗುವುದಿಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತೂ ಇದೆ. ಹಾರ್ನಿನ ದನಿ ಕುಗ್ಗಿದೆ ಎಂದು ಹೊಸದನ್ನು ಕೊಳ್ಳಲು ಹೊರಟವರು ಮೊದಲು ಹಳೆಯ ಹಾರ್ನಿಗೆ ಬೇಕಾದಷ್ಟು ವಿದ್ಯುತ್ ತಲುಪುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಏಕೆಂದರೆ ದೋಷವು ಹಾರ್ನಿನಲ್ಲಿರದೆ ಅದಕ್ಕೆ ಹೋಗುವ ದಾರಿಯಲ್ಲಿರುವುದು ಬಹಳ ಸಾಮಾನ್ಯ.

ನನ್ನ ಕಾರಿನಲ್ಲಿಯೂ ಅದೇ ಆಗಿತ್ತು. ಹಾರ್ನ್ ಒತ್ತಿದಾಗ ಬ್ಯಾಟರಿಯ ಎರಡು ತುದಿಗಳ ನಡುವೆ 12.4 ವೋಲ್ಟ್ ಇದ್ದರೆ, ಹಾರ್ನಿನ ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ ತೋರಿಸಿದ್ದು 9.7 ವೋಲ್ಟ್ ಮಾತ್ರ. ನಡುವೆ ಸೋರಿಹೋಗುತ್ತಿದ್ದ 2.7 ವೋಲ್ಟ್ ಎಲ್ಲಿ ಹೋಗುತ್ತಿದೆ ಎಂದು ಹುಡುಕುವ ಕ್ರಮ ಸುಲಭವಾದದ್ದು. ಒಬ್ಬರು ಹಾರ್ನ್ ಒತ್ತಿ ಹಿಡಿದಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಹಾರ್ನಿನ ಅರ್ಥ್ ಟರ್ಮಿನಲ್ಲಿಗೂ (ವಿದ್ಯುತ್ ಕಾರಿನ ಲೋಹದ ಮೂಲಕ ಬ್ಯಾಟರಿಗೆ ಮರಳುವ ತುದಿಗೂ) ಮುಟ್ಟಿಸಿದರೆ, ಅರ್ಥ್ ದಾರಿಯಲ್ಲಿ ಆಗುತ್ತಿರುವ ನಷ್ಟ ನೇರವಾಗಿ ಕಾಣಿಸುತ್ತದೆ. ಅಲ್ಲಿ 2 ವೋಲ್ಟ್ ಇತ್ತು. ಅರ್ಥ್ ತಂತಿಯ ಥಿಂಬಲನ್ನು, ಅಂದರೆ ತುದಿಗೆ ಸಿಕ್ಕಿಸಿದ ಲೋಹದ ಬಳೆಯನ್ನು, ಬಿಗಿದಿದ್ದ ಬೋಲ್ಟನ್ನು ಬಿಚ್ಚಿದಾಗ ಅದರ ಕೆಳಗೆ ಅರ್ಧ ಬಣ್ಣ, ಅರ್ಧ ತುಕ್ಕು. ಲೋಹಕ್ಕೆ ಲೋಹ ತಾಗುತ್ತಿದ್ದದ್ದು ಅಂಚಿನಲ್ಲಿ ಒಂದು ಗೆರೆಯಷ್ಟು ಮಾತ್ರ. ಉಜ್ಜುಕಾಗದದಿಂದ ಎರಡೂ ಮುಖಗಳನ್ನು ಹೊಳೆಯುವಂತೆ ತಿಕ್ಕಿ, ಮತ್ತೆ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದ ಮೇಲೆ ಹಾರ್ನಿಗೆ 11.6 ವೋಲ್ಟ್ ತಲುಪಿತು, ದನಿಯೂ ಬಹುಮಟ್ಟಿಗೆ ಮರಳಿತು. ಇಷ್ಟಕ್ಕೇ ತೃಪ್ತರಾಗುವವರು ಹೊಸ ಹಾರ್ನ್ ಕೊಳ್ಳುವ ಅಗತ್ಯವೇ ಇಲ್ಲ.

ನಾನು ಕೊಂಡದ್ದಕ್ಕೆ ಕಾರಣ ಬೇರೆ. ಹಳೆಯ ಹಾರ್ನ್ ಒಂದೇ ಇತ್ತು, ಅದರ ದನಿ ಕಿರಿಕಿರಿಯೆನಿಸುವಷ್ಟು ಕೀರಲು, ಅದರೊಳಗೆ ವಿದ್ಯುತ್ತನ್ನು ಕೂಡಿಸಿ ಕಡಿಯುವ ಲೋಹದ ಪಾಯಿಂಟುಗಳೂ ಸವೆದು ಒತ್ತಿದಾಗ ಒಮ್ಮೊಮ್ಮೆ ತಡವರಿಸುತ್ತಿದ್ದವು. ಇದು ಅರ್ಥವಾಗಲು ಹಾರ್ನಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಒಳಗೆ ಒಂದು ಕಾಯಿಲ್, ಅದರೆದುರು ತೆಳುವಾದ ಉಕ್ಕಿನ ಡಯಾಫ್ರಮ್, ಡಯಾಫ್ರಮ್ಮಿನ ನಡುವೆ ಕಬ್ಬಿಣದ ಒಂದು ಗುಂಡಿ, ಪಕ್ಕದಲ್ಲಿ ಒಂದು ಜೊತೆ ಪಾಯಿಂಟುಗಳು ಇರುತ್ತವೆ. ವಿದ್ಯುತ್ ಹರಿದೊಡನೆ ಕಾಯಿಲ್ ಅಯಸ್ಕಾಂತವಾಗಿ ಡಯಾಫ್ರಮ್ಮನ್ನು ಒಳಕ್ಕೆ ಸೆಳೆಯುತ್ತದೆ. ಒಳಕ್ಕೆ ಬಂದ ಡಯಾಫ್ರಮ್ ತಾನೇ ಪಾಯಿಂಟನ್ನು ಬಿಡಿಸಿ ವಿದ್ಯುತ್ತನ್ನು ಕಡಿಯುತ್ತದೆ. ಸೆಳೆತ ತಪ್ಪಿದ ಡಯಾಫ್ರಮ್ ಹಿಂದಕ್ಕೆ ಚಿಮ್ಮಿದಾಗ ಪಾಯಿಂಟ್ ಮತ್ತೆ ಕೂಡಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಸೆಳೆತ-ಬಿಡುವಿಕೆಯೇ ನಮಗೆ ಕೇಳಿಸುವ ದನಿ. 1908ರಲ್ಲಿ ಹೆಸರಾದ ಕ್ಲಾಕ್ಸನ್ ಹಾರ್ನಿನಲ್ಲಿ ಮೋಟಾರು ತಿರುಗಿಸುವ ಹಲ್ಲುಚಕ್ರವೊಂದು ಡಯಾಫ್ರಮ್ಮನ್ನು ಬಡಿಯುತ್ತಿತ್ತು. ಈಗ ಆ ಚಕ್ರದ ಕೆಲಸವನ್ನು ಕಾಯಿಲ್ಲು ಮತ್ತು ಪಾಯಿಂಟುಗಳು ಮಾಡುತ್ತವೆ. ಪ್ರತಿ ಸಲ ಪಾಯಿಂಟ್ ಬಿಡುವಾಗ ಸಣ್ಣ ಕಿಡಿ ಹಾರುವುದರಿಂದ ಅವು ಕ್ರಮೇಣ ಸುಟ್ಟು ಸವೆಯುವುದು ಸಹಜ, ಮತ್ತು ಸುಮ್ಮಸುಮ್ಮನೆ ಹಾರ್ನ್ ಒತ್ತುವವರ ವಾಹನದಲ್ಲಿ ಅದು ಬೇಗ ಆಗುತ್ತದೆ.

ಡಿಸ್ಕ್ ಹಾರ್ನಿಗೂ ವಿಂಡ್‌ಟೋನಿಗೂ ಇರುವ ವ್ಯತ್ಯಾಸವು ಡಯಾಫ್ರಮ್ಮಿನ ಮುಂದೆ ಏನಿದೆ ಎಂಬುದರಲ್ಲಿದೆ. ಡಿಸ್ಕ್ ಹಾರ್ನಿನಲ್ಲಿ ಗುಂಡಿಯು ಕಾಯಿಲ್ಲಿನ ತಿರುಳಿಗೆ ಬಡಿದಾಗ ಮುಂದಿನ ಲೋಹದ ತಟ್ಟೆ ಕಂಪಿಸಿ ಹರಿತವಾದ ದನಿಯನ್ನು ಹೊಮ್ಮಿಸುತ್ತದೆ. ವಿಂಡ್‌ಟೋನಿನಲ್ಲಿ ತಟ್ಟೆಯ ಬದಲಿಗೆ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಕೊಳವೆ ಇರುತ್ತದೆ. ಅದರೊಳಗಿನ ಗಾಳಿಯೇ ಕಂಪಿಸುವುದರಿಂದ ದನಿ ದುಂಡಗೆ, ತುಂಬಿಕೊಂಡು ಬರುತ್ತದೆ. ನಾನು ಕೊಂಡ ಜೋಡಿಯಲ್ಲಿ ಒಂದರ ಮೇಲೆ 400 ಹರ್ಟ್ಸ್, ಇನ್ನೊಂದರ ಮೇಲೆ 500 ಹರ್ಟ್ಸ್ ಎಂದು ಅಚ್ಚಾಗಿದೆ. ನಾಲ್ಕಕ್ಕೆ ಐದರ ಈ ಅನುಪಾತ ಕಿವಿಗೆ ಹಿತವಾದ ಸ್ವರಜೋಡಿ. ಷಡ್ಜಕ್ಕೆ ಅಂತರ ಗಾಂಧಾರ ಕೂಡಿದಾಗ ಕೇಳುವ ಸಂಬಂಧವೇ ಇದು. ಎರಡೂ ಒಟ್ಟಿಗೆ ನುಡಿದಾಗ ಎಚ್ಚರಿಕೆಯಿದ್ದರೂ ಸಿಡುಕಿಲ್ಲದ ದನಿ ಕೇಳುತ್ತದೆ, ನನಗೆ ಈ ಕಿಟ್ಟಿನಲ್ಲಿ ಅತ್ಯಂತ ಮೆಚ್ಚುಗೆಯಾದದ್ದೂ ಇದೇ. ಎರಡರಲ್ಲಿ ಒಂದನ್ನೇ ಹಾಕಿಕೊಂಡರೆ ಈ ಗುಣ ಪೂರ್ತಿ ಹೋಗಿಬಿಡುತ್ತದೆ, ಆದ್ದರಿಂದ ಜಾಗ ಸಾಲದೆಂದು ಒಂದನ್ನು ಬಿಟ್ಟುಬಿಡುವವರು ಈ ಕಿಟ್ಟನ್ನು ಕೊಳ್ಳದಿರುವುದೇ ಮೇಲು.

ಇನ್ನು ಪೆಟ್ಟಿಗೆಯಲ್ಲಿದ್ದ ವಸ್ತುಗಳ ವಿಚಾರ. ಎರಡು ಹಾರ್ನುಗಳು, ಪಟ್ಟಿಯ ಬ್ರಾಕೆಟ್ಟುಗಳು, ನಾಲ್ಕು ಕಾಲಿನ ಒಂದು ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹರಿಸುವ ಸ್ವಿಚ್), ಫ್ಯೂಸ್ ಹೋಲ್ಡರ್ ಸಮೇತವಾದ ವೈರಿಂಗ್, ಒಂದು ಸೂಚನಾ ಹಾಳೆ. ಹಾರ್ನುಗಳ ಕವಚ ಗಟ್ಟಿಯಾಗಿದೆ, ಅಂಚಿನ ಬೆಸುಗೆ ಅಚ್ಚುಕಟ್ಟಾಗಿದೆ, ಟರ್ಮಿನಲ್ಲುಗಳು ಅಲುಗಾಡುವುದಿಲ್ಲ. ವೈರಿಂಗ್ ಮಾತ್ರ ನಿರಾಶೆ ತಂದಿತು. ಹೊರಗಿನಿಂದ ನೋಡಿದರೆ ದಪ್ಪನೆಯ ತಂತಿಯಂತೆ ಕಾಣುವ ಅದರ ಒಂದು ತುದಿಯ ಹೊದಿಕೆಯನ್ನು ಸುಲಿದಾಗ ಒಳಗೆ ಸಿಕ್ಕಿದ್ದು ಕೂದಲಿನಷ್ಟು ತೆಳುವಾದ ಕೆಲವೇ ಎಳೆಗಳು, ಉಳಿದದ್ದೆಲ್ಲ ಪ್ಲಾಸ್ಟಿಕ್. ಜೋಡಿ ಹಾರ್ನ್ ಒತ್ತಿದಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ; ಅಷ್ಟು ವಿದ್ಯುತ್ ತೆಳು ತಂತಿಯಲ್ಲಿ ಹರಿದರೆ ಮೇಲೆ ಹೇಳಿದ ನಷ್ಟವೇ ಹೊಸ ರೂಪದಲ್ಲಿ ಮರಳುತ್ತದೆ. ಆದ್ದರಿಂದ ಮುಖ್ಯ ದಾರಿಗೂ ಅರ್ಥ್‌ಗೂ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಬೇರೆಯಾಗಿ ತಂದು ಹಾಕಿದೆ. ತಯಾರಕರು ಇಷ್ಟು ಒಳ್ಳೆಯ ಹಾರ್ನ್ ಮಾಡಿ ತಂತಿಯಲ್ಲಿ ಉಳಿತಾಯ ಮಾಡಿರುವುದು ನನಗೆ ಬೇಸರ ತಂದಿದೆ.

ಸೂಚನಾ ಹಾಳೆಯಲ್ಲಿ ಚಿತ್ರವಿದೆ, ವಿವರಣೆಯಿಲ್ಲ. ಹಾಗಾಗಿ ಜೋಡಣೆಯ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಸ್ಟೀರಿಂಗಿನ ಬಟನ್ನು ಮತ್ತು ಅದರ ಸಣ್ಣ ತಂತಿಗಳು 10 ಆಂಪಿಯರನ್ನು ಹೊರಲು ಆಗಿರುವಂಥವಲ್ಲ, ಆ ಭಾರವನ್ನು ಹೊರುವುದಕ್ಕೇ ರಿಲೇ ಇರುವುದು. ರಿಲೇಯ ಕಾಲುಗಳ ಮೇಲೆ 30, 85, 86, 87 ಎಂಬ ಸಂಖ್ಯೆಗಳಿರುತ್ತವೆ. ಬ್ಯಾಟರಿಯ ಧನ ತುದಿಯಿಂದ ಫ್ಯೂಸ್ ಮೂಲಕ ಬಂದ ದಪ್ಪ ತಂತಿ 30ಕ್ಕೆ ಸೇರಬೇಕು, 87ರಿಂದ ಹೊರಟ ತಂತಿ ಎರಡು ಹಾರ್ನುಗಳಿಗೂ ಕವಲೊಡೆಯಬೇಕು, ಹಳೆಯ ಹಾರ್ನಿಗೆ ಹೋಗುತ್ತಿದ್ದ ಎರಡು ತಂತಿಗಳು 85 ಮತ್ತು 86ಕ್ಕೆ ಸೇರಬೇಕು. ಹಳೆಯ ಹಾರ್ನಿಗೆ ಒಂದೇ ತಂತಿಯಿದ್ದು ಅದರ ಕವಚವೇ ಅರ್ಥ್ ಆಗಿದ್ದಲ್ಲಿ, ಆ ತಂತಿಯನ್ನು 86ಕ್ಕೆ ಕೊಟ್ಟು 85ನ್ನು ಕಾರಿನ ಲೋಹದ ಬಾಡಿಗೆ ಬಿಗಿಯಬೇಕಾಗುತ್ತದೆ. ಫ್ಯೂಸ್ 15 ಆಂಪಿಯರಿನದಾಗಿರಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ಫ್ಯೂಸಿಗಿಂತ ಮೊದಲಿನ ತಂತಿ ಎಲ್ಲಿಯಾದರೂ ಬಾಡಿಗೆ ತಾಗಿದರೆ ಅದನ್ನು ತಡೆಯುವವರು ಯಾರೂ ಇರುವುದಿಲ್ಲ. ಅನೇಕ ಕಾರುಗಳಲ್ಲಿ ಹಾರ್ನಿಗೆ ರಿಲೇ ಮೊದಲೇ ಇರುತ್ತದೆ. ಅಂಥಲ್ಲಿ ಹಳೆಯ ತಂತಿ ಮತ್ತು ಫ್ಯೂಸ್ ಹೊಸ ಜೋಡಿಯ ಭಾರಕ್ಕೆ ಸಾಲುತ್ತವೆಯೇ ಎಂದು ನೋಡಿದರೆ ಸಾಕು. ಫ್ಯೂಸ್ ಪದೇಪದೇ ಸುಡುತ್ತದೆಯೆಂದು ತಂತಿಯನ್ನು ಹಾಗೆಯೇ ಬಿಟ್ಟು ದೊಡ್ಡ ಫ್ಯೂಸ್ ಹಾಕುವ ಪದ್ಧತಿಯೊಂದಿದೆ. ಅದು ಬೆಂಕಿಗೆ ದಾರಿ, ಯಾವ ಮೆಕ್ಯಾನಿಕ್ ಸೂಚಿಸಿದರೂ ಒಪ್ಪಬಾರದು.

ಹಾರ್ನನ್ನು ಎಲ್ಲಿ, ಹೇಗೆ ನಿಲ್ಲಿಸುತ್ತೀರಿ ಎಂಬುದರ ಮೇಲೆ ದನಿ ಬಹಳಷ್ಟು ಅವಲಂಬಿಸಿದೆ. ಕಿಟ್ಟಿನ ಜೊತೆಗಿರುವ ಬಾಗುವ ಪಟ್ಟಿಯ ಮೂಲಕವೇ ಅದನ್ನು ಬಿಗಿಯಬೇಕು; ಪಟ್ಟಿಯನ್ನು ತೆಗೆದು ಹಾರ್ನನ್ನು ನೇರವಾಗಿ ಚೌಕಟ್ಟಿಗೆ ಬೋಲ್ಟ್ ಮಾಡಿದರೆ ಕಂಪನ ಕವಚದಿಂದ ಬಾಡಿಗೆ ಸೋರಿ ದನಿ ಮೂಗಿನಲ್ಲಿ ಮಾತನಾಡಿದಂತಾಗುತ್ತದೆ. ಕವಚಕ್ಕೂ ಸುತ್ತಲಿನ ಯಾವುದೇ ಭಾಗಕ್ಕೂ ಒಂದು ಬೆರಳಿನಷ್ಟಾದರೂ ಎಡೆ ಇರಬೇಕು. ಕೊಳವೆಯ ಬಾಯಿ ಮುಂದಕ್ಕೂ ಕೆಳಕ್ಕೂ ವಾಲಿರಬೇಕು, ಮೇಲ್ಮುಖವಾಗಿ ಮಾತ್ರ ಎಂದೂ ಇರಬಾರದು. ಈ ಕಿಟ್ಟಿನ ಬ್ರಾಕೆಟ್ಟಿನಲ್ಲಿರುವ ತೂತು ಎಂಥದೆಂದರೆ, ರೇಡಿಯೇಟರಿನ ಮುಂದಿನ ಅಡ್ಡಪಟ್ಟಿಗೆ ಬಿಗಿದಾಗ ತಗ್ಗು ದನಿಯ ಹಾರ್ನಿನ ಬಾಯಿ ತಾನಾಗಿಯೇ ಮೇಲಕ್ಕೆ ತಿರುಗುತ್ತದೆ. ಹಿಂದಿನ ನಟ್ಟನ್ನು ಸಡಿಲಿಸಿ ಕವಚವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದರೆ ಸರಿಹೋಗುತ್ತದೆ, ಆದರೆ ಇದನ್ನು ಹಾಳೆಯಲ್ಲಿ ಎಲ್ಲಿಯೂ ಹೇಳಿಲ್ಲ. ಗಮನಿಸದೆ ಬಿಟ್ಟವರ ಹಾರ್ನ್ ಮೊದಲ ಜೋರು ಮಳೆಯಲ್ಲಿಯೇ ನೀರು ತುಂಬಿಕೊಂಡು ಗೊರಗೊರ ಎನ್ನುವುದು ಖಂಡಿತ.

ರಸ್ತೆಯಲ್ಲಿ ಈ ಜೋಡಿಯ ನಡವಳಿಕೆ ತೃಪ್ತಿಕರವಾಗಿದೆ. ಬಟನ್ನನ್ನು ಮುಟ್ಟಿದಷ್ಟರಲ್ಲೇ ದನಿ ಹೊರಡುತ್ತದೆ. ಕಂಪ್ರೆಸರ್ ಇರುವ ಗಾಳಿ ಹಾರ್ನುಗಳಲ್ಲಿ ಗಾಳಿಯ ಒತ್ತಡ ಏರುವವರೆಗೆ ಕ್ಷಣಾರ್ಧ ತಡವಾಗುತ್ತದೆ, ನಾನು ಅವನ್ನು ಬೇಡವೆಂದದ್ದಕ್ಕೆ ಅದೂ ಒಂದು ಕಾರಣ. ಒಂದು ಕೊರತೆಯನ್ನೂ ಹೇಳಬೇಕು. ಕಿಟಕಿ ಮುಚ್ಚಿಕೊಂಡು ವೇಗವಾಗಿ ಹೋಗುತ್ತಿರುವ ವಾಹನದೊಳಗೆ ತೂರಿಹೋಗುವ ಶಕ್ತಿಯಲ್ಲಿ ಒಳ್ಳೆಯ ಡಿಸ್ಕ್ ಹಾರ್ನ್ ಇದಕ್ಕಿಂತ ಸ್ವಲ್ಪ ಮುಂದಿದೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದು 2000ದಿಂದ 4000 ಹರ್ಟ್ಸ್ ಆಸುಪಾಸಿನಲ್ಲಿ, ಡಿಸ್ಕ್ ಹಾರ್ನಿನ ತಟ್ಟೆ ತನ್ನ ಬಲವನ್ನೆಲ್ಲ ಅಲ್ಲಿಯೇ ಸುರಿಯುತ್ತದೆ. ಹೆದ್ದಾರಿಯಲ್ಲಿಯೇ ಹೆಚ್ಚು ಓಡಾಡುವವರು ಈ ಅಂಶವನ್ನು ತೂಗಿ ನೋಡಬೇಕು. ಜನವಸತಿಯ ನಡುವೆ ಓಡಿಸುವವರಿಗೆ ವಿಂಡ್‌ಟೋನೇ ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ ಡೆಸಿಬಲ್ ಸಂಖ್ಯೆಯನ್ನು ನೋಡಿ ಕೊಳ್ಳುವವರಿಗೆ ಒಂದು ಮಾತು. ವಿಶ್ವಸಂಸ್ಥೆಯ ವಾಹನ ನಿಯಮಗಳ ಪೈಕಿ 28ನೆಯದು ಹಾರ್ನುಗಳಿಗೆ ಸಂಬಂಧಿಸಿದ್ದು. ಕಾರುಗಳ ಹಾರ್ನನ್ನು 2 ಮೀಟರ್ ದೂರದಿಂದ ಅಳೆದಾಗ ದನಿ 105ರಿಂದ 118 ಡೆಸಿಬಲ್‌ಗಳ ನಡುವೆ ಇರಬೇಕೆಂದೂ, ಅದು ಏರಿಳಿತವಿಲ್ಲದೆ ಒಂದೇ ಸಮನೆ ನುಡಿಯಬೇಕೆಂದೂ ಅದು ಹೇಳುತ್ತದೆ. ಅಂದರೆ ಅಳತೆಯ ದೂರವನ್ನು ಹೇಳದ ಡೆಸಿಬಲ್ ಸಂಖ್ಯೆಗೆ ಅರ್ಥವೇ ಇಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ; 2 ಮೀಟರಿನಲ್ಲಿ 112 ಇದ್ದದ್ದು 4 ಮೀಟರಿನಲ್ಲಿ 106, 8 ಮೀಟರಿನಲ್ಲಿ 100, 16 ಮೀಟರಿನಲ್ಲಿ 94. ದೂರದಲ್ಲಿರುವ ವಾಹನಕ್ಕೆ ಹದವಾಗಿ ಕೇಳಿಸುವ ದನಿ ಪಕ್ಕದಲ್ಲೇ ನಡೆದುಹೋಗುತ್ತಿರುವ ಮಗುವಿನ ಕಿವಿಗೆ ಏಟಿನಂತೆ ಬಡಿಯುತ್ತದೆ ಎಂಬುದನ್ನು ಈ ಲೆಕ್ಕವೇ ತೋರಿಸುತ್ತದೆ. ಇನ್ನೂ ಜೋರಾದ ಹಾರ್ನ್ ಬೇಕೆಂದು ಹುಡುಕುವುದು ಇದರಿಂದಲೇ ತಪ್ಪು ಹುಡುಕಾಟ. ಹಾಡಿನಂತೆ ಏರಿಳಿಯುವ ಬಹುಸ್ವರದ ಹಾರ್ನುಗಳು ಈ ನಿಯಮದ ಹೊರಗೇ ಉಳಿಯುತ್ತವೆ.

ಬಳಕೆಯ ವಿಷಯದಲ್ಲಿ 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 28ನೆಯ ವಿಧಿ ಸ್ಪಷ್ಟವಾಗಿದೆ. ಅಪಘಾತವನ್ನು ತಪ್ಪಿಸಲು ಎಚ್ಚರಿಸಬೇಕಾದಾಗ ಮತ್ತು ಜನವಸತಿಯ ಹೊರಗೆ ಮುಂದಿನ ವಾಹನವನ್ನು ಹಿಂದಿಕ್ಕುವ ಸೂಚನೆ ಕೊಡುವುದು ಒಳ್ಳೆಯದೆನಿಸಿದಾಗ, ಈ ಎರಡೇ ಸಂದರ್ಭಗಳಲ್ಲಿ ಅದು ಹಾರ್ನಿಗೆ ಅವಕಾಶ ಕೊಡುತ್ತದೆ, ಅದೂ ಅಗತ್ಯಕ್ಕಿಂತ ಹೆಚ್ಚು ಹೊತ್ತು ಒತ್ತದಂತೆ. ಕತ್ತಲಾದ ಮೇಲೆ ಹಾರ್ನಿಗೆ ಬದಲಾಗಿ ದೀಪ ಮಿನುಗಿಸಿ ಎಚ್ಚರಿಸಲೂ ಅದರಲ್ಲಿ ಅವಕಾಶವಿದೆ. ನಿಂತ ವಾಹನಗಳ ಸಾಲಿನಲ್ಲಿ ಹಾರ್ನ್ ಒತ್ತಿದರೆ ಮುಂದಿನವರಿಗೆ ದಾರಿಯೇನೂ ಹುಟ್ಟುವುದಿಲ್ಲ. ಎದುರು ಕಾಣದ ತಿರುವಿನಲ್ಲಿ, ನಮ್ಮನ್ನು ನೋಡದೆ ಹಿಂದಕ್ಕೆ ಬರುತ್ತಿರುವ ವಾಹನದ ಬಳಿ, ಬೇರೆಡೆ ನೋಡುತ್ತಾ ರಸ್ತೆಗಿಳಿಯುತ್ತಿರುವವರನ್ನು ಕಂಡಾಗ, ಬಟನ್ನಿನ ಒಂದು ಚಿಕ್ಕ ಒತ್ತು ಮಾಡುವ ಕೆಲಸ ದೊಡ್ಡದು. ಅಲ್ಲಿಯೂ ಮೊದಲು ಕಾಲು ಬ್ರೇಕಿಗೆ ಹೋಗಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಸಾಗುತ್ತದೆ. ದಾರಿ ಬಿಡುತ್ತಾರೆಂದು ನಂಬಿ ಹಾರ್ನ್ ಒತ್ತುತ್ತಾ ಕಳೆದ ಆ ಸೆಕೆಂಡನ್ನು ಯಾವ ಹಾರ್ನೂ ಮರಳಿ ಕೊಡುವುದಿಲ್ಲ. ಈ ಕಿಟ್ಟಿನ ಹೊಗಳಿಕೆಗೆ ಇಲ್ಲಿ ಒಂದು ಅಂಶ ಸೇರುತ್ತದೆ: ತೀರ ಚಿಕ್ಕದಾಗಿ ಒತ್ತಿದರೂ ಎರಡೂ ದನಿಗಳು ಒಟ್ಟಿಗೆ, ಪೂರ್ತಿಯಾಗಿ ನುಡಿಯುತ್ತವೆ. ಚಿಕ್ಕ ಒತ್ತಿಗೆ ಉತ್ತರ ಕೊಡದ ಹಾರ್ನ್ ಚಾಲಕನಿಗೆ ಉದ್ದಕ್ಕೆ ಒತ್ತುವ ಅಭ್ಯಾಸವನ್ನು ಕಲಿಸುತ್ತದೆ.

ದೋಷಗಳು ಬಂದಾಗ ಹಾರ್ನ್ ತಾನೇ ಹೆಚ್ಚಿನ ಸುಳಿವುಗಳನ್ನು ಕೊಡುತ್ತದೆ, ಕೇಳಿಸಿಕೊಳ್ಳುವ ತಾಳ್ಮೆ ಬೇಕು. ಒತ್ತಿದಾಗ ಏನೂ ಕೇಳದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ರಿಲೇಯ ಮೇಲೆ ಬೆರಳಿಟ್ಟು ಬಟನ್ ಒತ್ತಿಸಿದರೆ ಒಳಗಿನ 'ಟಿಕ್' ಬೆರಳಿಗೆ ತಿಳಿಯುತ್ತದೆ. ಅದು ಬಂದೂ ಹಾರ್ನ್ ನುಡಿಯದಿದ್ದರೆ ದೋಷ ಸಾಮಾನ್ಯವಾಗಿ ರಿಲೇಯಿಂದಾಚೆ, ಬಾರದಿದ್ದರೆ ರಿಲೇಯಲ್ಲಿ ಅಥವಾ ಬಟನ್ನಿನ ಕಡೆಯಲ್ಲಿ. ರಿಲೇ ಸರಿಯಿದ್ದು ಹಾರ್ನೇ ಒಮ್ಮೆ 'ಟಕ್' ಎಂದು ಸುಮ್ಮನಾದರೆ, ಡಯಾಫ್ರಮ್ ಸೆಳೆಯಲ್ಪಟ್ಟು ಪಾಯಿಂಟ್ ಬಿಡದೆ ಅಲ್ಲಿಯೇ ನಿಂತಿದೆಯೆಂದು ತಿಳಿಯಬೇಕು. ಆಗ ಬಟನ್ ಒತ್ತಿ ಹಿಡಿಯಬಾರದು, ವಿದ್ಯುತ್ ಕಡಿಯದೆ ಹರಿದು ಕಾಯಿಲ್ ಸುಟ್ಟುಹೋಗುತ್ತದೆ. ಜೋಡಿಯಲ್ಲಿ ಒಂದು ಸತ್ತರೆ ಸ್ವರದ ತುಂಬು ಮಾತ್ರ ಕಡಿಮೆಯಾಗುವುದರಿಂದ ಚಾಲಕನ ಗಮನಕ್ಕೆ ಅದು ತಡವಾಗಿ ಬರುತ್ತದೆ. ಒಂದರ ತಂತಿಯನ್ನು ಕಳಚಿ ಇನ್ನೊಂದನ್ನು ನುಡಿಸಿ ನೋಡುವುದು ಆಗಾಗ ಮಾಡಬೇಕಾದ ಕೆಲಸ.

ದನಿ ಒಡೆದು ಕರ್ಕಶವಾದಾಗ ಹಿಂಭಾಗದ ಹೊಂದಿಕೆಯ ಸ್ಕ್ರೂ ನೆನಪಿಗೆ ಬರಬೇಕಾದದ್ದು ಕೊನೆಗೆ. ಮೊದಲು ಬಾಯಿಯಲ್ಲಿ ಕೆಸರು, ಒಣ ಎಲೆ, ಹುಳುವಿನ ಗೂಡು ಇದೆಯೇ ನೋಡಿ, ವೋಲ್ಟೇಜ್ ಅಳೆದು, ಬ್ರಾಕೆಟ್ ಬಿಗಿದಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಅದಕ್ಕೆ ಕೈಹಾಕಬೇಕು. ಸ್ಕ್ರೂವಿನ ಮೂಲಸ್ಥಾನವನ್ನು ಬಣ್ಣದ ಚುಕ್ಕೆಯಿಂದ ಗುರುತಿಸಿಟ್ಟು, ಕಿವಿಗೆ ರಕ್ಷಣೆ ಹಾಕಿಕೊಂಡು, ಸುತ್ತಿನ ಎಂಟನೆಯ ಒಂದು ಭಾಗದಷ್ಟು ಮಾತ್ರ ತಿರುಗಿಸಿ ಒಂದು ಚಿಕ್ಕ ಒತ್ತು ಕೊಟ್ಟು ಕೇಳಬೇಕು. ಕೆಟ್ಟರೆ ಇನ್ನೊಂದು ದಿಕ್ಕಿಗೆ ಅಷ್ಟೇ. ಒಂದು ಕಡೆಗೆ ಅತಿಯಾದರೆ ಪಾಯಿಂಟ್ ಕೂಡುವುದೇ ಇಲ್ಲ, ಇನ್ನೊಂದು ಕಡೆಗೆ ಅತಿಯಾದರೆ ಬಿಡುವುದೇ ಇಲ್ಲ. ಆಂಪಿಯರ್ ಮೀಟರ್ ಇದ್ದವರು ಹಾರ್ನಿನ ಮೇಲೆ ಬರೆದ ಪ್ರಮಾಣವನ್ನು ಮೀರದಂತೆ ನೋಡಿಕೊಂಡರೆ ಇನ್ನೂ ಕ್ಷೇಮ. ನನ್ನ ಕಾರಿನಲ್ಲಿ ಮಳೆಯ ನಂತರ ತಗ್ಗು ದನಿಯ ಹಾರ್ನ್ ಒಮ್ಮೆ ಮಂಕಾದಾಗ ಸ್ಕ್ರೂ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಬಾಯಿಯೊಳಗೆ ಮೆತ್ತಿದ್ದ ಕೆಸರನ್ನು ತೆಗೆದು ಬಿಸಿಲಿಗೆ ಬಿಟ್ಟೊಡನೆ ದನಿ ಸರಿಯಾಯಿತು. ಕಾರು ತೊಳೆಸುವಾಗ ಗ್ರಿಲ್ಲಿನೊಳಗೆ ಒತ್ತಡದ ನೀರು ನೇರವಾಗಿ ಹೊಡೆಯದಂತೆ ಹೇಳಿದರೆ ಇಂಥ ತೊಂದರೆ ಬಹಳಷ್ಟು ತಪ್ಪುತ್ತದೆ.

ಸ್ಟೀರಿಂಗನ್ನು ಒಂದು ಕಡೆಗೆ ತಿರುಗಿಸಿದಾಗ ನುಡಿಯುವ ಹಾರ್ನ್ ಇನ್ನೊಂದು ಕಡೆಗೆ ತಿರುಗಿಸಿದಾಗ ಸುಮ್ಮನಾದರೆ, ಅದರ ಜೊತೆಗೆ ಏರ್‌ಬ್ಯಾಗಿನ ದೀಪವೂ ಹತ್ತಿಕೊಂಡರೆ, ಹಾರ್ನಿಗಾಗಲಿ ರಿಲೇಗಾಗಲಿ ಹಣ ಹಾಕಬೇಡಿ. ಸ್ಟೀರಿಂಗಿನೊಳಗಿನ ಸುರುಳಿ ತಂತಿ, ಅಂದರೆ ಮೆಕ್ಯಾನಿಕ್‌ಗಳು ಕ್ಲಾಕ್ ಸ್ಪ್ರಿಂಗ್ ಎನ್ನುವ ಭಾಗ, ಹರಿದಿರುವ ಲಕ್ಷಣವದು. ಏರ್‌ಬ್ಯಾಗಿನ ವಿದ್ಯುತ್ತೂ ಅದರ ಮೂಲಕವೇ ಹೋಗುವುದರಿಂದ ಆ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗದೆ ತರಬೇತಿ ಇರುವವರಿಗೇ ಒಪ್ಪಿಸಬೇಕು.

ಹಾರ್ನ್ ನಿಲ್ಲದೆ ಕೂಗುತ್ತಲೇ ಇರುವುದು ಎಲ್ಲಕ್ಕಿಂತ ಗಾಬರಿಗೊಳಿಸುವ ದೋಷ. ರಿಲೇಯ ಒಳಗಿನ ಪಾಯಿಂಟ್ ಬೆಸೆದುಕೊಂಡಿರಬಹುದು, ಬಟನ್ ಸಿಕ್ಕಿಕೊಂಡಿರಬಹುದು, ಅಥವಾ ಬಟನ್ ಅರ್ಥ್ ಕಡೆಯಲ್ಲಿರುವ ವಾಹನಗಳಲ್ಲಿ ಅದರ ತಂತಿಯ ಹೊದಿಕೆ ಸವೆದು ಬಾಡಿಗೆ ತಾಗಿರಬಹುದು. ಕಾರಣ ಯಾವುದೇ ಇರಲಿ, ಮೊದಲು ಹಾರ್ನಿನ ಫ್ಯೂಸನ್ನೋ ರಿಲೇಯನ್ನೋ ಕಿತ್ತು ದನಿಯನ್ನು ನಿಲ್ಲಿಸಬೇಕು. ಎಡೆಬಿಡದೆ ನುಡಿಯಲು ಈ ಕಾಯಿಲ್ಲುಗಳನ್ನು ಮಾಡಿಲ್ಲ. ಈ ಕಿಟ್ಟಿನ ಫ್ಯೂಸ್ ವಾಹನದ ಮೂಲ ಫ್ಯೂಸ್ ಪೆಟ್ಟಿಗೆಯಲ್ಲಿರದೆ ಬ್ಯಾಟರಿಯ ಪಕ್ಕದ ಹೋಲ್ಡರಿನಲ್ಲಿ ಇರುವುದರಿಂದ, ಅದರ ಮೇಲೊಂದು ಚೀಟಿ ಅಂಟಿಸಿ, ಆ ವಾಹನವನ್ನು ಓಡಿಸುವ ಮನೆಯವರೆಲ್ಲರಿಗೂ ಅದನ್ನು ತೋರಿಸಿಡುವುದು ಜೋಡಣೆಯ ದಿನವೇ ಆಗಬೇಕು.

ದ್ವಿಚಕ್ರ ವಾಹನಕ್ಕೆ ಇದನ್ನು ಹಾಕಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಬೇಡ ಎಂದೇ. ಚಿಕ್ಕ ಬ್ಯಾಟರಿಗೆ 10 ಆಂಪಿಯರ್ ದೊಡ್ಡ ಹೊರೆ, ಎರಡು ಚಿಪ್ಪುಗಳಿಗೆ ನೀರು ತಾಗದ ಜಾಗವೂ ಅಲ್ಲಿ ಸಿಗುವುದಿಲ್ಲ. ಅಲ್ಲಿ ಒಂದೇ ಒಳ್ಳೆಯ ಡಿಸ್ಕ್ ಹಾರ್ನ್, ಶುದ್ಧವಾದ ಅರ್ಥ್ ಮತ್ತು ಕಿಲುಬಿಲ್ಲದ ಸ್ವಿಚ್ ಇದ್ದರೆ ಸಾಕು. ಕಾರಿಗೆ ಕೊಳ್ಳುವವರು ಮಾತ್ರ ಕಿಟ್ಟಿನ ಜೊತೆಯಲ್ಲೇ 2.5 ಚದರ ಮಿಲಿಮೀಟರಿನ ತಂತಿಯನ್ನೂ ಒಂದಷ್ಟು ಥಿಂಬಲ್ಲುಗಳನ್ನೂ ತಂದಿಟ್ಟುಕೊಳ್ಳಿ.